ಕಿವಿಯಿಂದ ನೋಡಿದ ಬೇಸ್‌ಬಾಲ್

1958ರ ಏಪ್ರಿಲ್ 18ರಂದು ಲಾಸ್ ಏಂಜಲೀಸ್‌ನ ಕಲೀಸಿಯಂ ಕ್ರೀಡಾಂಗಣದಲ್ಲಿ 78,672 ಜನ ಸೇರಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ತೊರೆದು ಪಶ್ಚಿಮ ಕರಾವಳಿಗೆ ಬಂದ ಡಾಡ್ಜರ್ಸ್ ತಂಡ ಹೊಸ ಊರಿನಲ್ಲಿ ಆಡಿದ ಮೊದಲ ಪಂದ್ಯ ಅದು. 1932ರ ಒಲಿಂಪಿಕ್ಸ್ ನಡೆದಿದ್ದ ಆ ಮೈದಾನ ಬೇಸ್‌ಬಾಲ್‌ಗೆ ಒಗ್ಗುವಂಥದ್ದಲ್ಲ. ಎಡಗಡೆಯ ಗಡಿ ಬರೀ 251 ಅಡಿ ದೂರದಲ್ಲಿತ್ತು. ಚೆಂಡು ಸುಲಭವಾಗಿ ದಾಟಿ ಹೋಗದಿರಲೆಂದು ಅಲ್ಲಿ ಎತ್ತರದ ಬಲೆ ಕಟ್ಟಿದ್ದರು. ದೂರದ ಮೆಟ್ಟಿಲುಗಳಲ್ಲಿ ಕೂತವರಿಗೆ ಬ್ಯಾಟ್ ಹಿಡಿದು ನಿಂತವನು ಯಾರೆಂದೇ ತಿಳಿಯುತ್ತಿರಲಿಲ್ಲ. ಜೇಬಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂದು ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಜನ ಅದನ್ನು ಮೈದಾನಕ್ಕೇ ಹೊತ್ತು ತಂದರು. ಕಣ್ಣೆದುರಿಗೇ ನಡೆಯುತ್ತಿದ್ದ ಆಟವನ್ನು ವಿನ್ ಸ್ಕಲ್ಲಿ ಎಂಬ ಮೂವತ್ತು ವರ್ಷದ ಕಾಮೆಂಟೇಟರ್ ಬಾಯಿಂದ ಕೇಳತೊಡಗಿದರು.

ಅಷ್ಟೊಂದು ಪುಟ್ಟ ರೇಡಿಯೋಗಳು ಒಮ್ಮೆಲೇ ಉಲಿಯುವಾಗ ಸ್ಕಲ್ಲಿಗೆ ತಮ್ಮದೇ ದನಿ ಮೆಟ್ಟಿಲುಗಳಿಂದ ಮರಳಿ ಬಂದು ಕೇಳಿಸುತ್ತಿತ್ತು. 1960ರಲ್ಲಿ ಒಂದು ಪಂದ್ಯದ ನಡುವೆ, ಅಂಪೈರುಗಳಲ್ಲಿ ಒಬ್ಬರಾದ ಫ್ರ್ಯಾಂಕ್ ಸೆಕೋರಿಯವರ ಹುಟ್ಟುಹಬ್ಬ ಅಂದೇ ಎಂಬುದು ಸ್ಕಲ್ಲಿಯ ಗಮನಕ್ಕೆ ಬಂತು. ನಾನು ಮೂರು ಎಣಿಸುತ್ತೇನೆ, ಎಲ್ಲರೂ ಸೇರಿ ಶುಭಾಶಯ ಹೇಳಿಬಿಡೋಣ ಎಂದರು. ಎಣಿಸಿದರು. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಅಂಪೈರ್ ಹೆಸರು ಹಿಡಿದು ಕೂಗಿತು. ನಮ್ಮಲ್ಲೂ ಟೆಸ್ಟ್ ಪಂದ್ಯಕ್ಕೆ ಟ್ರಾನ್ಸಿಸ್ಟರ್ ಹಿಡಿದು ಹೋಗಿ, ಎದುರಿಗೆ ಬಿದ್ದ ವಿಕೆಟ್ ಹೇಗೆ ಬಿತ್ತೆಂದು ರೇಡಿಯೋ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದ ಹಿರಿಯರಿದ್ದರು. ಆ ಕಾಲ ಕಂಡವರಿಗೆ ಕಲೀಸಿಯಂನ ಆ ಜನ ಪರಕೀಯರೆನಿಸಲಾರರು.

ಬೇಸ್‌ಬಾಲ್ ಅಭಿಮಾನಿಯ ಆಚರಣೆಗಳೆಂದರೆ ಹೊರಗಿನವರಿಗೆ ನೆನಪಾಗುವುದು ಕಡಲೆಕಾಯಿ, ಹಾಟ್ ಡಾಗ್, ಏಳನೇ ಇನ್ನಿಂಗ್ಸ್‌ನಲ್ಲಿ ಎಲ್ಲರೂ ಎದ್ದು ನಿಂತು ಹೇಳುವ ಹಾಡು. ಅವುಗಳಿಗೂ ಬರುತ್ತೇನೆ. ಆದರೆ ಈ ಆಟದ ಜೀವ ಇರುವುದು ಕಿವಿಯ ಪಕ್ಕದ ರೇಡಿಯೋದಲ್ಲಿ ಮತ್ತು ತೊಡೆಯ ಮೇಲಿನ ಸ್ಕೋರ್ ಹಾಳೆಯಲ್ಲಿ ಎಂಬುದು ನನ್ನ ಗಟ್ಟಿ ನಂಬಿಕೆ. ಅದಕ್ಕೆ ಕಾರಣ ಆಟದ ಪಂಚಾಂಗದಲ್ಲೇ ಇದೆ. ಪ್ರತಿ ತಂಡವೂ ಋತುವಿಗೆ 162 ಪಂದ್ಯ ಆಡುತ್ತದೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನವೂ. ಇದು ಹಬ್ಬದೂಟವಲ್ಲ, ನಿತ್ಯದ ಸಾರು ಅನ್ನ. ದಿನಾ ಮೂರು ಗಂಟೆ ಪರದೆ ಮುಂದೆ ಕೂರಲು ಸಂಸಾರಸ್ಥರಿಗೆ ಆಗದು. ಕೇಳುವುದಕ್ಕೆ ಮಾತ್ರ ಆಗುತ್ತದೆ. ತರಕಾರಿ ಹೆಚ್ಚುತ್ತ, ಬಟ್ಟೆ ಮಡಚುತ್ತ, ಆಫೀಸಿನಿಂದ ಮನೆಗೆ ಕಾರು ಓಡಿಸುತ್ತ, ದೀಪ ಆರಿಸಿ ಮಲಗಿ ಕೇಳಬಹುದು.

ಆಟದ ರಚನೆಯೂ ರೇಡಿಯೋಗೆ ಹೇಳಿ ಮಾಡಿಸಿದಂತಿದೆ. ಯಾವ ಕ್ಷಣದಲ್ಲಾದರೂ ಪಂದ್ಯದ ಸ್ಥಿತಿಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು: ಎಷ್ಟನೇ ಇನ್ನಿಂಗ್ಸ್, ಎಷ್ಟು ಔಟ್, ಯಾವ ಬೇಸಿನ ಮೇಲೆ ಯಾರಿದ್ದಾರೆ, ಬ್ಯಾಟರ್‌ಗೆ ಎಷ್ಟು ಬಾಲ್ ಎಷ್ಟು ಸ್ಟ್ರೈಕ್. ಇಷ್ಟು ಗೊತ್ತಾದರೆ ಕೇಳುಗನ ಮನಸ್ಸಿನಲ್ಲಿ ಇಡೀ ಮೈದಾನ ತಾನಾಗಿ ಸಿದ್ಧವಾಗುತ್ತದೆ. ಚೆಂಡಿಗೂ ಚೆಂಡಿಗೂ ನಡುವಿನ ಬಿಡುವಿನಲ್ಲಿ ಮಾತಿಗೆ ಜಾಗವಿದೆ, ನೆನಪಿಗೂ ಇದೆ. 1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ನಿಲಯದಿಂದ ಹೆರಾಲ್ಡ್ ಆರ್ಲಿನ್ ಮೊದಲ ಬಾರಿಗೆ ಬೇಸ್‌ಬಾಲ್ ಪಂದ್ಯ ಪ್ರಸಾರ ಮಾಡಿದರು. ತಂಡದ ಮಾಲೀಕರಿಗೆ ಇದು ಹಿಡಿಸಲಿಲ್ಲ. ಪುಕ್ಕಟೆ ಕೇಳುವವರು ಟಿಕೆಟ್ ಕೊಳ್ಳುತ್ತಾರೆಯೇ ಎಂಬ ಭಯ. ನ್ಯೂಯಾರ್ಕಿನ ಮೂರೂ ತಂಡಗಳು ಸೇರಿ ಐದು ವರ್ಷ ರೇಡಿಯೋವನ್ನು ದೂರವೇ ಇಟ್ಟಿದ್ದವು. 1939ರಲ್ಲಿ ಆ ಒಪ್ಪಂದ ಮುರಿದು ಬ್ರೂಕ್ಲಿನ್ ತಂಡ ರೆಡ್ ಬಾರ್ಬರ್ ಅವರನ್ನು ಕರೆತಂದಿತು. ಬಾರ್ಬರ್ ತಮ್ಮ ಮೇಜಿನ ಮೇಲೆ ಮೊಟ್ಟೆ ಬೇಯಿಸುವವರು ಬಳಸುವ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಂಡಿರುತ್ತಿದ್ದರು. ಮರಳು ಇಳಿದು ಮುಗಿದಾಗಲೆಲ್ಲ ಸ್ಕೋರ್ ಹೇಳಬೇಕು, ಗಡಿಯಾರ ತಿರುಗಿಸಿಡಬೇಕು. ಈಗಷ್ಟೇ ರೇಡಿಯೋ ಹಚ್ಚಿದ ಕೇಳುಗನನ್ನು ಕಾಯಿಸಬಾರದೆಂಬ ಮರ್ಯಾದೆ ಅದು.

ಅದೇ ಕಾಲದಲ್ಲಿ ಅಯೋವಾದ ಡೆ ಮಾಯಿನ್ ಊರಿನ ನಿಲಯವೊಂದರಲ್ಲಿ ರೊನಾಲ್ಡ್ ರೇಗನ್ ಎಂಬ ಯುವಕ ಶಿಕಾಗೊ ಕಬ್ಸ್ ಪಂದ್ಯಗಳನ್ನು ಕಣ್ಣಿಂದ ನೋಡದೆಯೇ ವಿವರಿಸುತ್ತಿದ್ದ. ತಂತಿಯಲ್ಲಿ ಬರುವ ಒಂದೆರಡು ಪದಗಳ ಸಂದೇಶ ಹಿಡಿದು ಇಡೀ ದೃಶ್ಯ ಕಟ್ಟುವುದು ಅವನ ಕೆಲಸ. ಒಮ್ಮೆ ಪಂದ್ಯದ ನಡುವೆ ತಂತಿ ಸತ್ತುಹೋಯಿತು. ಮುಂದೇನಾಯಿತೆಂದು ಗೊತ್ತಿಲ್ಲ. ಅದು ಮತ್ತೆ ಜೀವ ಪಡೆಯುವವರೆಗೂ ರೇಗನ್ ಬ್ಯಾಟರ್‌ನಿಂದ ಆಟ ಮುಂದೆ ಸಾಗಿಸದ ಫೌಲ್ ಹೊಡೆತಗಳನ್ನು ಒಂದರ ಮೇಲೊಂದು ಹೊಡೆಸುತ್ತಲೇ ಇದ್ದ. ಮುಂದೆ ಅಮೆರಿಕದ ಅಧ್ಯಕ್ಷರಾದ ಮೇಲೂ ಅವರು ಈ ಕಥೆ ಹೇಳಿಕೊಳ್ಳುತ್ತಿದ್ದರು.

ಈಗ ಸ್ಕಲ್ಲಿಯ ಮಾತಿಗೆ. 1950ರಲ್ಲಿ ಬ್ರೂಕ್ಲಿನ್‌ನಲ್ಲಿ ಬಾರ್ಬರ್ ಕೈಕೆಳಗೆ ಕೆಲಸ ಆರಂಭಿಸಿದ ಅವರು 2016ರವರೆಗೆ, 67 ಋತುಗಳು, ಒಂದೇ ತಂಡದ ದನಿಯಾಗಿದ್ದರು. ಅವರ ಪಕ್ಕದಲ್ಲಿ ಇನ್ನೊಬ್ಬ ಕಾಮೆಂಟೇಟರ್ ಇರುತ್ತಿರಲಿಲ್ಲ. ಇಬ್ಬರು ಕೂತರೆ ಅವರಿಬ್ಬರೇ ಮಾತಾಡಿಕೊಳ್ಳುತ್ತಾರೆ, ಒಬ್ಬರೇ ಇದ್ದರೆ ಕೇಳುಗನೊಂದಿಗೆ ಮಾತಾಡಬೇಕಾಗುತ್ತದೆ ಎಂಬುದು ಅವರ ವಾದ. ಇದಕ್ಕಿಂತ ಸರಿಯಾದ ಮಾತನ್ನು ಈ ವೃತ್ತಿಯ ಬಗ್ಗೆ ನಾನು ಕೇಳಿಲ್ಲ. ಇಂದಿನ ಕ್ರಿಕೆಟ್ ಪ್ರಸಾರದಲ್ಲಿ ಮೂವರು ಮಾಜಿ ಆಟಗಾರರು ತಮ್ಮೊಳಗೇ ಹರಟುವುದನ್ನು ಕೇಳುವಾಗ ಸ್ಕಲ್ಲಿ ಬಹಳ ನೆನಪಾಗುತ್ತಾರೆ.

ಅವರ ಮಾತು ಎಷ್ಟು ಚೆಂದವೋ ಮೌನವೂ ಅಷ್ಟೇ ಚೆಂದ. 1965ರ ಸೆಪ್ಟೆಂಬರ್ 9ರ ರಾತ್ರಿ ಡಾಡ್ಜರ್ಸ್‌ನ ಎಡಗೈ ಪಿಚರ್ ಸ್ಯಾಂಡಿ ಕೂಫ್ಯಾಕ್ಸ್ ಕಬ್ಸ್ ವಿರುದ್ಧ ಪರ್ಫೆಕ್ಟ್ ಗೇಮ್ ಎಸೆದರು. ಎದುರಾದ 27 ಬ್ಯಾಟರ್‌ಗಳಲ್ಲಿ ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಅವರಲ್ಲಿ 14 ಮಂದಿ ಸ್ಟ್ರೈಕ್‌ಔಟ್. ಅಂದು ಕಬ್ಸ್‌ನ ಬಾಬ್ ಹೆಂಡ್ಲಿ ಕೂಡ ಒಂದೇ ಒಂದು ಹಿಟ್ ಬಿಟ್ಟುಕೊಟ್ಟು 1-0ರಿಂದ ಸೋತರು ಎಂಬುದನ್ನು ಮರೆಯುವುದು ಅನ್ಯಾಯ. ಒಂಬತ್ತನೇ ಇನ್ನಿಂಗ್ಸ್ ಶುರುವಾದಾಗ ಸ್ಕಲ್ಲಿ ಮತ್ತೆ ಮತ್ತೆ ಗಡಿಯಾರ ನೋಡಿ ಸಮಯ ಹೇಳಿದರು. ಆ ಕೊನೆಯ ಇನ್ನಿಂಗ್ಸ್‌ನ ಧ್ವನಿಮುದ್ರಣ ಪಿಚರ್‌ಗೆ ನೆನಪಿನ ಕಾಣಿಕೆಯಾಗಿ ಹೋಗುತ್ತದೆ, ಅದು ನಡೆದ ಗಳಿಗೆ ಅದರಲ್ಲಿ ಇರಲಿ ಎಂಬುದು ಅವರ ಉದ್ದೇಶ. ಕೊನೆಯ ಸ್ಟ್ರೈಕ್ ಬಿತ್ತು, ಗಡಿಯಾರ ರಾತ್ರಿ 9.46 ತೋರಿಸುತ್ತಿತ್ತು. ಸ್ಕಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಕಾಲ ಒಂದು ಮಾತೂ ಆಡಲಿಲ್ಲ, ಜನರ ಕೂಗನ್ನಷ್ಟೇ ಕೇಳಿಸಿದರು. 1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ಅವರು ಬೇಬ್ ರೂತ್ ದಾಖಲೆ ಮುರಿದು 715ನೇ ಹೋಮ್ ರನ್ ಹೊಡೆದಾಗಲೂ ಹಾಗೆಯೇ ಸುಮ್ಮನಿದ್ದರು. ದಕ್ಷಿಣದ ಊರೊಂದರಲ್ಲಿ ಕಪ್ಪು ಮನುಷ್ಯನೊಬ್ಬನಿಗಾಗಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂಬುದನ್ನು ಅವರು ಆಮೇಲೆ ನೆನಪಿಸಿದರು.

ಮಗುವಾಗಿದ್ದಾಗ ಸ್ಕಲ್ಲಿ ಮನೆಯ ದೊಡ್ಡ ರೇಡಿಯೋದ ಕಾಲುಗಳ ನಡುವೆ ತೂರಿಕೊಂಡು ಮಲಗುತ್ತಿದ್ದರಂತೆ, ಸ್ಪೀಕರಿನಿಂದ ಇಳಿದು ಬರುವ ಜನಸಾಗರದ ಕೂಗಿನಲ್ಲಿ ನೆನೆಯಲೆಂದು. 1936ರ ಅಕ್ಟೋಬರ್ 2ರಂದು ಶಾಲೆಯಿಂದ ಮನೆಗೆ ನಡೆದು ಬರುವಾಗ ಚೀನೀಯರ ಲಾಂಡ್ರಿಯ ಕಿಟಕಿಯಲ್ಲಿ ವರ್ಲ್ಡ್ ಸೀರೀಸ್ (ಋತುವಿನ ಕೊನೆಯ ಚಾಂಪಿಯನ್‌ಶಿಪ್ ಸರಣಿ) ಪಂದ್ಯದ ಸ್ಕೋರ್ ಬರೆದಿದ್ದು ಕಂಡಿತು: ಯಾಂಕೀಸ್ 18, ಜಯಂಟ್ಸ್ 4. ಅಯ್ಯೋ ಪಾಪ ಎನಿಸಿತು. ಅಂದಿನಿಂದ ಹುಡುಗ ಜಯಂಟ್ಸ್ ಅಭಿಮಾನಿಯಾದ. ಸರಿಯಾಗಿ ಎಂಬತ್ತು ವರ್ಷಗಳ ನಂತರ, 2016ರ ಅಕ್ಟೋಬರ್ 2ರಂದು, ಅವರ ಕೊನೆಯ ಪ್ರಸಾರ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅದೇ ಜಯಂಟ್ಸ್ ಮನೆಯಂಗಳದಲ್ಲಿ. ಗೆದ್ದವರನ್ನು ಹಿಂಬಾಲಿಸದೆ ಸೋತವರನ್ನು ಕಂಡು ಮರುಗಿ ಹುಟ್ಟಿದ ಅಭಿಮಾನ ಇದು. ನನ್ನ ಲೆಕ್ಕದಲ್ಲಿ ಅಭಿಮಾನದ ಜಾತಿಗಳಲ್ಲಿ ಇದೇ ಶ್ರೇಷ್ಠ.

ಲಾಸ್ ಏಂಜಲೀಸ್‌ನಲ್ಲಿ ನೌಕರಿ ಮಾಡುತ್ತಿದ್ದಾಗ ನಮ್ಮ ಎದುರು ಮನೆಯಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ವೃದ್ಧರೊಬ್ಬರಿದ್ದರು. ಡಾಡ್ಜರ್ಸ್ ಊರು ಬಿಟ್ಟಾಗ ಅವರು ಇನ್ನು ಬೇಸ್‌ಬಾಲ್ ಸಹವಾಸವೇ ಬೇಡವೆಂದು ರೇಡಿಯೋ ಆರಿಸಿದ್ದರಂತೆ. ಆ ಸಿಟ್ಟಿಗೆ ಕಾರಣವಿತ್ತು. ಬ್ರೂಕ್ಲಿನ್ ತನ್ನ ಏಕೈಕ ವರ್ಲ್ಡ್ ಸೀರೀಸ್ ಗೆದ್ದದ್ದು 1955ರಲ್ಲಿ. ಎರಡೇ ವರ್ಷದಲ್ಲಿ ತಂಡ ಹೊರಟುಹೋಯಿತು. ಅವರು ಬೆಳೆದ ಎಬೆಟ್ಸ್ ಫೀಲ್ಡ್ ಮೈದಾನವನ್ನು 1960ರಲ್ಲಿ ಕೆಡವಿದಾಗ, ಗೋಡೆಗೆ ಬಡಿದ ಕಬ್ಬಿಣದ ಗುಂಡಿಗೆ ಬೇಸ್‌ಬಾಲ್ ಚೆಂಡಿನಂತೆ ಬಣ್ಣ ಬಳಿದಿದ್ದರು. ಆದರೆ ಹೊಟ್ಟೆಪಾಡಿಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಒಂದು ಸಂಜೆ ಯಾರದೋ ಕಾರಿನ ರೇಡಿಯೋದಲ್ಲಿ ತಮ್ಮ ಹರೆಯದ ಅದೇ ದನಿ ಕೇಳಿಸಿತಂತೆ. ಅಲ್ಲಿಗೆ ಮುನಿಸು ಮುಗಿಯಿತು. ಟೀವಿಯಲ್ಲಿ ಪಂದ್ಯ ಹಾಕಿಕೊಂಡರೂ ಅವರು ಅದರ ದನಿ ಅಡಗಿಸಿ ಪಕ್ಕದಲ್ಲಿ ರೇಡಿಯೋ ಹಚ್ಚುತ್ತಿದ್ದರು.

ತಂಡ ಬಂದ ಊರಿನಲ್ಲೂ ನೋವಿತ್ತು, ಅದನ್ನು ಹೇಳದೆ ಮುಂದೆ ಹೋಗಬಾರದು. 1962ರಲ್ಲಿ ತೆರೆದ ಡಾಡ್ಜರ್ ಸ್ಟೇಡಿಯಂ ನಿಂತಿರುವ ಚಾವೆಜ್ ರವೀನ್ ಗುಡ್ಡದ ಪ್ರದೇಶದಲ್ಲಿ ಮೆಕ್ಸಿಕನ್ ಮೂಲದ ಕುಟುಂಬಗಳ ಮೂರು ಕೇರಿಗಳಿದ್ದವು. ಬಡವರಿಗೆ ಮನೆ ಕಟ್ಟಿಸುತ್ತೇವೆಂದು ಅವರನ್ನು ಎಬ್ಬಿಸಿದರು, ಆ ಮನೆಗಳನ್ನು ಕಟ್ಟಲಿಲ್ಲ, ಕಡೆಗೆ ಆ ನೆಲ ಕ್ರೀಡಾಂಗಣದ ಪಾಲಾಯಿತು. ಆ ಸಮುದಾಯದ ಬಹುಪಾಲು ಜನ ಮೈದಾನದತ್ತ ಹೊರಳಿದ್ದು 1981ರಲ್ಲಿ, ಮೆಕ್ಸಿಕೋದ ಹಳ್ಳಿಯಿಂದ ಬಂದ ಇಪ್ಪತ್ತು ವರ್ಷದ ಡಾಡ್ಜರ್ಸ್ ಪಿಚರ್ ಫರ್ನಾಂಡೊ ವೆಲೆನ್ಸುವೆಲಾ ಋತುವಿನ ತನ್ನ ಮೊದಲ ಎಂಟು ಪಂದ್ಯಗಳನ್ನೂ ಗೆದ್ದಾಗ. ಆ ಆಟವನ್ನು ಅವರ ಮನೆಗಳಿಗೆ ತಲುಪಿಸಿದ್ದು ಹೈಮೆ ಹರೀನ್ ಅವರ ಸ್ಪ್ಯಾನಿಷ್ ಪ್ರಸಾರ. 1959ರಿಂದ 2022ರವರೆಗೆ ದುಡಿದ ಹರೀನ್, ಇಂಗ್ಲಿಷ್ ಬಾರದ ಫರ್ನಾಂಡೊಗೆ ದುಭಾಷಿಯೂ ಆಗಿದ್ದರು. ತನ್ನ ಭಾಷೆಯಲ್ಲಿ ಕೇಳಿದ ಆಟವೇ ತನ್ನ ಆಟ. ಆಕಾಶವಾಣಿಯಲ್ಲಿ ಕನ್ನಡದ ಕಾಮೆಂಟರಿ ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಸ್ಕೋರ್ ಹಾಳೆ ಬರೆಯುವುದನ್ನು ನನಗೆ ಕಲಿಸಿದ್ದು ಆ ಎದುರು ಮನೆಯ ಹಿರಿಯರೇ. ಕ್ರಿಕೆಟ್‌ನಲ್ಲಿ ಸ್ಕೋರ್ ಪುಸ್ತಕವೆಂದರೆ ಹೆಚ್ಚಾಗಿ ಅಧಿಕೃತ ಸ್ಕೋರರ್ ಮೇಜಿನ ಮೇಲಿನ ವಸ್ತು. ಬೇಸ್‌ಬಾಲ್‌ನಲ್ಲಿ ಅದು ಪ್ರೇಕ್ಷಕನದು. ಒಂದೊಂದು ಸ್ಥಾನಕ್ಕೆ ಒಂದೊಂದು ಅಂಕಿ: ಪಿಚರ್ 1, ಕ್ಯಾಚರ್ 2, ಮೊದಲ, ಎರಡನೇ, ಮೂರನೇ ಬೇಸಿನವರು 3, 4, 5, ಶಾರ್ಟ್‌ಸ್ಟಾಪ್ 6, ಹೊರ ಮೈದಾನದ ಎಡ, ನಡು, ಬಲಗಳಲ್ಲಿ 7, 8, 9. ಚೌಕದೊಳಗೆ 6-4-3 ಎಂದು ಬರೆದರೆ ಮುಗಿಯಿತು. ಶಾರ್ಟ್‌ಸ್ಟಾಪ್ ಬಾಗಿ ನೆಲದ ಚೆಂಡೆತ್ತಿ ಎರಡನೇ ಬೇಸಿನವನಿಗೆ ಎಸೆದದ್ದು, ಅವನು ಬೇಸ್ ತುಳಿದು ಗಾಳಿಯಲ್ಲೇ ತಿರುಗಿ ಮೊದಲ ಬೇಸಿಗೆ ಎಸೆದದ್ದು, ಇಬ್ಬರು ಔಟಾದದ್ದು, ಎಲ್ಲವೂ ಆ ಮೂರು ಅಂಕಿಯಲ್ಲಿ ಕೂತಿದೆ. ಸ್ಟ್ರೈಕ್‌ಔಟ್‌ಗೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ನಿಂತು ಔಟಾದವನಿಗೆ ಅದೇ ಅಕ್ಷರವನ್ನು ತಿರುಗಿಸಿ ಬರೆಯುತ್ತಾರೆ. ಹಿರಿಯರ ಮನೆಯಲ್ಲಿ ಹಳೆಯ ಹಾಳೆಗಳ ರಟ್ಟಿನ ಡಬ್ಬವಿತ್ತು. ಯಾವುದೋ ಒಂದನ್ನು ಎಳೆದು, ದಶಕಗಳ ಹಿಂದಿನ ಒಂದು ಮಧ್ಯಾಹ್ನವನ್ನು ಚೆಂಡು ಚೆಂಡಾಗಿ ಓದಿ ಹೇಳುತ್ತಿದ್ದರು.

ಈ ಪದ್ಧತಿಗೆ ತಳಪಾಯ ಹಾಕಿದ ಹೆನ್ರಿ ಚಾಡ್ವಿಕ್ ಮೂಲತಃ ಕ್ರಿಕೆಟ್ ವರದಿಗಾರ. 1824ರಲ್ಲಿ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿನಲ್ಲಿ ಬ್ರೂಕ್ಲಿನ್‌ಗೆ ಬಂದವರು. 1856ರಲ್ಲಿ ಹೊಬೋಕನ್‌ನಲ್ಲಿ ಕ್ರಿಕೆಟ್ ಪಂದ್ಯ ಮುಗಿಸಿಕೊಂಡು ಮರಳುವಾಗ ಪಕ್ಕದಲ್ಲಿ ನಡೆಯುತ್ತಿದ್ದ ಬೇಸ್‌ಬಾಲ್ ನೋಡಿ ನಿಂತರು, ಮತ್ತೆ ಅದನ್ನು ಬಿಡಲಿಲ್ಲ. ಕ್ರಿಕೆಟ್ ಸ್ಕೋರ್ ಬರೆದ ಕೈಯೇ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವ ಬಾಕ್ಸ್ ಸ್ಕೋರ್ ಅನ್ನು ರೂಪಿಸಿತು. ನಮ್ಮ ಆಟದ ಋಣ ಅಮೆರಿಕದ ಆಟದ ಮೇಲೆ ಇಷ್ಟಾದರೂ ಇದೆ.

ಆ ಹಾಳೆಯ ಶಕ್ತಿ ಏನೆಂದು ತಿಳಿಯಬೇಕಾದರೆ ಇತಿಹಾಸಕಾರ್ತಿ ಡೋರಿಸ್ ಕರ್ನ್ಸ್ ಗುಡ್ವಿನ್ ಅವರ ಬಾಲ್ಯವನ್ನು ನೋಡಬೇಕು. ಆರು ವರ್ಷದ ಹುಡುಗಿಗೆ ಅಪ್ಪ ಕೆಂಪು ರಟ್ಟಿನ ಸ್ಕೋರ್ ಪುಸ್ತಕ ಕೊಟ್ಟರು. ಮಧ್ಯಾಹ್ನ ಅವಳು ರೇಡಿಯೋ ಮುಂದೆ ಕೂತು ಬ್ರೂಕ್ಲಿನ್ ಡಾಡ್ಜರ್ಸ್ ಪಂದ್ಯ ಬರೆಯಬೇಕು, ಸಂಜೆ ಅಪ್ಪ ಕೆಲಸದಿಂದ ಬಂದ ಮೇಲೆ ಇಡೀ ಆಟವನ್ನು ಹೇಳಬೇಕು. ಮೊದಮೊದಲು ಬಾಗಿಲಲ್ಲೇ ಗೆದ್ದರು ಸೋತರು ಎಂದು ಕೂಗಿಬಿಡುತ್ತಿದ್ದಳು. ಕ್ರಮೇಣ, ಕಥೆಯನ್ನು ಮೊದಲಿನಿಂದ ಹಿಡಿದು, ಕೊನೆಯನ್ನು ಕೊನೆಗೇ ಇಟ್ಟುಕೊಂಡು ಹೇಳುವುದನ್ನು ಕಲಿತಳು. ಅದೆಲ್ಲ ನಾಳೆಯ ಪತ್ರಿಕೆಯಲ್ಲಿ ಹೇಗೂ ಅಚ್ಚಾಗುತ್ತದೆ ಎಂಬ ಗುಟ್ಟನ್ನು ಅಪ್ಪ ಅವಳಿಗೆ ಹೇಳಲೇ ಇಲ್ಲ. ತಾನಿಲ್ಲದಿದ್ದರೆ ಅಪ್ಪನಿಗೆ ಪಂದ್ಯವೇ ಸಿಗದು ಎಂದು ಆ ಮಗು ನಂಬಿತ್ತು. ಲಿಂಕನ್ ಮತ್ತು ರೂಸ್‌ವೆಲ್ಟ್ ಬಗ್ಗೆ ದೊಡ್ಡ ಗ್ರಂಥಗಳನ್ನು ಬರೆದ ಮೇಲೂ ಗುಡ್ವಿನ್ ತಮ್ಮ ಕಥನಕ್ಕೆ ಮೂಲ ಆ ಸಂಜೆಗಳೇ ಎನ್ನುತ್ತಾರೆ. 1997ರಲ್ಲಿ ಬಂದ ಅವರ ಬಾಲ್ಯದ ನೆನಪುಗಳ ಪುಸ್ತಕ ‘ವೇಟ್ ಟಿಲ್ ನೆಕ್ಸ್ಟ್ ಇಯರ್’ ಇಂಗ್ಲಿಷ್ ಓದುವ ಕ್ರೀಡಾಪ್ರೇಮಿಗಳ ಮನೆಯಲ್ಲಿ ಇರಲೇಬೇಕು.

ಉಳಿದ ಆಚರಣೆಗಳು ಬೇಕಾದಷ್ಟಿವೆ. ಹೊಸ ಗ್ಲೌಸಿಗೆ ಎಣ್ಣೆ ತಿಕ್ಕಿ, ನಡುವೆ ಚೆಂಡಿಟ್ಟು ಬಿಗಿದು ಹಾಸಿಗೆ ಕೆಳಗೆ ಇಡುವುದು. ತಂಡ ಹಿಂದೆ ಬಿದ್ದಾಗ ಟೋಪಿಯ ಒಳಮೈ ಹೊರಗೆ ಮಾಡಿ ಧರಿಸುವುದು. ಪಿಚರ್ ಇನ್ನೂ ಒಂದು ಹಿಟ್ ಕೂಡ ಕೊಟ್ಟಿಲ್ಲವೆಂದರೆ ಆ ವಿಷಯ ಬಾಯಿಬಿಡದಿರುವುದು. 1947ರ ವರ್ಲ್ಡ್ ಸೀರೀಸ್‌ನಲ್ಲಿ ಯಾಂಕೀಸ್‌ನ ಬಿಲ್ ಬೆವನ್ಸ್ ಹಾಗೆ ಎಸೆಯುತ್ತಿದ್ದಾಗ ರೆಡ್ ಬಾರ್ಬರ್ ಅದನ್ನು ರೇಡಿಯೋದಲ್ಲಿ ಹೇಳಿಬಿಟ್ಟರು. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಇಬ್ಬರು ಔಟಾದ ಮೇಲೆ ಹಿಟ್ ಬಿತ್ತು, ಬೆವನ್ಸ್ ಪಂದ್ಯವನ್ನೇ ಸೋತರು. ಬಾರ್ಬರ್ ಬೈಗುಳ ತಿಂದರು. ಕೇಳುಗನಿಗೆ ಇದ್ದುದನ್ನು ಇದ್ದಂತೆ ಹೇಳುವುದೇ ತಮ್ಮ ಕೆಲಸವೆಂಬ ನಿಲುವನ್ನು ಅವರು ಬಿಡಲಿಲ್ಲ, ಮತ್ತು ಅದೇ ಸರಿ. ಏಳನೇ ಇನ್ನಿಂಗ್ಸ್‌ನ ಹಾಡು 1908ರದು. ಅದನ್ನು ಕಾಮೆಂಟರಿ ಕೋಣೆಯಿಂದ ಎಲ್ಲರಿಂದ ಹಾಡಿಸುವ ರೂಢಿ ಹಬ್ಬಿದ್ದು 1976ರ ನಂತರ, ಶಿಕಾಗೊದಲ್ಲಿ ಹ್ಯಾರಿ ಕೇರಿ ತಮ್ಮ ಪಾಡಿಗೆ ಗುನುಗುತ್ತಿದ್ದಾಗ ತಂಡದ ಮಾಲೀಕ ಬಿಲ್ ವೀಕ್ ಗುಟ್ಟಾಗಿ ಮೈಕ್ ಹಚ್ಚಿಸಿದ ಮೇಲೆ.

ಶಿಕಾಗೊ ಎಂದಾಗ 2016 ನೆನಪಾಗದೆ ಇರದು. ಕಬ್ಸ್ 1908ರ ಮೇಲೆ ಮತ್ತೆ ವರ್ಲ್ಡ್ ಸೀರೀಸ್ ಗೆದ್ದದ್ದು ಆ ವರ್ಷವೇ. ಗೆಲುವಿನ ಆ ದಿನಗಳಲ್ಲಿ ಅಭಿಮಾನಿಗಳು ತಂಡದ ಮೈದಾನವಾದ ರಿಗ್ಲಿ ಫೀಲ್ಡ್‌ನ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಹೆಸರು ಬರೆದರು. ಆಟಗಾರರವು ಅಷ್ಟಲ್ಲ, ಈ ದಿನ ನೋಡದೆ ತೀರಿಹೋದ ತಮ್ಮ ಅಪ್ಪ, ಅಜ್ಜಿ, ಸೋದರಮಾವಂದಿರ ಹೆಸರುಗಳು. ಕೈಗೆಟುಕುವಷ್ಟು ಎತ್ತರಕ್ಕೆ ಗೋಡೆ ತುಂಬಿತು. ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಏಳನೇ ಪಂದ್ಯ ಮಳೆಯಿಂದ 17 ನಿಮಿಷ ನಿಂತು, ಹತ್ತನೇ ಇನ್ನಿಂಗ್ಸ್‌ಗೆ ಹೋಗಿ, ಮಧ್ಯರಾತ್ರಿ ದಾಟಿದ ಮೇಲೆ 8-7ರಲ್ಲಿ ಮುಗಿಯಿತು. ಆ ರಾತ್ರಿ ಒಬ್ಬ ಮಗ ನೂರಾರು ಮೈಲಿ ಕಾರು ಓಡಿಸಿಕೊಂಡು ಹೋಗಿ ತಂದೆಯ ಸಮಾಧಿ ಪಕ್ಕ ಕುರ್ಚಿ ಹಾಕಿ ರೇಡಿಯೋದಲ್ಲಿ ಪಂದ್ಯ ಕೇಳಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಕಬ್ಸ್ ವರ್ಲ್ಡ್ ಸೀರೀಸ್ ತಲುಪಿದರೆ ಜೊತೆಗೆ ಕೇಳೋಣವೆಂದು ಅಪ್ಪ ಮಗ ಮಾತಾಡಿಕೊಂಡಿದ್ದರಂತೆ.

ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಆಟ ದಾಟಿಸುವ ಈ ಕೆಲಸ ಹಿಮ್ಮುಖವಾಗಿ ನಡೆಯುವುದನ್ನು ಕಂಡಿದ್ದೇನೆ. ಮಕ್ಕಳ ಲಿಟಲ್ ಲೀಗ್‌ನಲ್ಲಿ ಆಡುವ ಮಗಳು ಮಂಡ್ಯದಲ್ಲೋ ಶಿವಮೊಗ್ಗದಲ್ಲೋ ಬೆಳೆದ ಅಪ್ಪನಿಗೆ ನಿಯಮ ಕಲಿಸುತ್ತಾಳೆ. ಸ್ಲಿಪ್, ಗಲ್ಲಿ ಗೊತ್ತಿದ್ದ ಅಪ್ಪ ಶಾರ್ಟ್‌ಸ್ಟಾಪ್ ಎಲ್ಲಿ ನಿಲ್ಲಬೇಕೆಂದು ಅವಳಿಂದ ತಿಳಿಯುತ್ತಾನೆ. ನೋಡಲು ಬಹಳ ಚೆಂದ.

2023ರಲ್ಲಿ ಪಿಚರ್‌ಗೆ ಗಡಿಯಾರ ಬಂತು: ಬೇಸ್ ಖಾಲಿಯಿದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕು. ಸರಾಸರಿ ಪಂದ್ಯ ಒಂದೇ ವರ್ಷದಲ್ಲಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಹಳಬರು ಹಲವರು ಮುನಿದಿದ್ದಾರೆ. ನನಗೆ ಈ ಬದಲಾವಣೆ ಒಪ್ಪಿಗೆ. ಗ್ಲೌಸ್ ಮುಟ್ಟಿ, ಟೋಪಿ ಸರಿಪಡಿಸಿ, ಸುಮ್ಮನೆ ಅಡ್ಡಾಡುತ್ತಿದ್ದ ಹೊತ್ತು ಯಾರ ಪಾಲಿಗೂ ಕಥೆಯಾಗಿರಲಿಲ್ಲ. ಸ್ಕಲ್ಲಿಯ ಮೊದಲ ದಶಕಗಳ ಪಂದ್ಯಗಳೂ ಎರಡೂವರೆ ಗಂಟೆಯ ಆಸುಪಾಸಿನವೇ. ಒಳ್ಳೆಯ ಕಾಮೆಂಟೇಟರ್‌ಗೆ 15 ಸೆಕೆಂಡು ಸಾಕು.

ಈಗ ಮೈಸೂರಿನಲ್ಲಿ ನನ್ನ ಬೆಳಗು ಶುರುವಾಗುವುದು ಈ ಆಟದಿಂದಲೇ. ಲಾಸ್ ಏಂಜಲೀಸ್‌ನಲ್ಲಿ ಸಂಜೆ 7.10ಕ್ಕೆ ಆರಂಭವಾಗುವ ಪಂದ್ಯ ಇಲ್ಲಿ ಬೆಳಗ್ಗೆ 7.40ಕ್ಕೆ ಸಿಗುತ್ತದೆ. ಮೇಜರ್ ಲೀಗ್‌ನ ಆಪ್‌ನಲ್ಲಿ ಎಲ್ಲ ತಂಡಗಳ ರೇಡಿಯೋ ಪ್ರಸಾರವೂ ಇದೆ, ದೃಶ್ಯಕ್ಕಿಂತ ಅಗ್ಗ. ಅಂತರಜಾಲದಲ್ಲಿ ಖಾಲಿ ಸ್ಕೋರ್ ಹಾಳೆ ಉಚಿತವಾಗಿ ದೊರೆಯುತ್ತದೆ. ರೂಲರ್ ಹಿಡಿದು ನೀವೇ ಗೆರೆ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಮಾರ್ಚ್ ಕೊನೆಯಲ್ಲಿ ಹೊಸ ಋತು ಆರಂಭವಾದಾಗ ಒಂದು ಭಾನುವಾರ ಬೆಳಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಮೂರು ಇನ್ನಿಂಗ್ಸ್ ಕೇಳಿ ಬರೆದು ನೋಡಿ. ಮನೆಯಲ್ಲಿ ಓದು ಬರಹ ಬಂದ ಮಗುವಿದ್ದರೆ ಪೆನ್ಸಿಲನ್ನು ಅದರ ಕೈಗೇ ಕೊಡಿ, ಸಂಜೆ ಆ ಆಟವನ್ನು ಮೊದಲಿನಿಂದ ಹೇಳಲು ಕೇಳಿ.